ನ್ಯೂಕ್ಲಿಯರ್ ಲ್ಯಾಬ್‌ನಿಂದ ಸಿ.ಟಿ. ಸ್ಕ್ಯಾನ್‌ವರೆಗೆ: ಅಲನ್ ಕಾರ್ಮ್ಯಾಕ್ ಹಿಡಿದ ದಾರಿ

1955ರಲ್ಲಿ ಕೇಪ್‌ಟೌನ್‌ನ ಗ್ರೂಟ್ ಸ್ಕೂರ್ ಆಸ್ಪತ್ರೆಯ ಭೌತವಿಜ್ಞಾನಿ ಕೆಲಸ ಬಿಟ್ಟು ಹೋದರು. ದಕ್ಷಿಣ ಆಫ್ರಿಕಾದ ಕಾನೂನಿನ ಪ್ರಕಾರ, ಆಸ್ಪತ್ರೆಯಲ್ಲಿ ವಿಕಿರಣ ಸೂಸುವ ಐಸೊಟೋಪ್‌ಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು) ಬಳಸಬೇಕಾದರೆ ಅರ್ಹ ಭೌತವಿಜ್ಞಾನಿಯೊಬ್ಬರ ಉಸ್ತುವಾರಿ ಇರಲೇಬೇಕಿತ್ತು. ಇಡೀ ಊರಿನಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಬಲ್ಲವರು ಇದ್ದದ್ದು ಒಬ್ಬರೇ. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅಲನ್ ಕಾರ್ಮ್ಯಾಕ್. 1956ರ ಮೊದಲ ಆರು ತಿಂಗಳು, ವಾರಕ್ಕೆ ಒಂದೂವರೆ ದಿನ ಆಸ್ಪತ್ರೆಗೆ ಬಂದು ಹೋಗಲು ಅವರು ಒಪ್ಪಿಕೊಂಡರು.

ಆ ಒಂದೂವರೆ ದಿನದ ಕೆಲಸದಲ್ಲಿ ಹುಟ್ಟಿದ ಒಂದು ಪ್ರಶ್ನೆ ಮುಂದೆ ಸಿ.ಟಿ. ಸ್ಕ್ಯಾನ್‌ನ ಗಣಿತವಾಯಿತು. 1979ರಲ್ಲಿ ಕಾರ್ಮ್ಯಾಕ್ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಜೊತೆಗೆ ಹಂಚಿಕೊಂಡವರು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಇಬ್ಬರೂ ಡಾಕ್ಟರ್ ಓದಿದವರಲ್ಲ. ಇಬ್ಬರ ಹತ್ತಿರವೂ ಪಿಎಚ್‌.ಡಿ. ಕೂಡ ಇರಲಿಲ್ಲ.

ನ್ಯೂಕ್ಲಿಯಸ್ ಬಗ್ಗೆ ಸಂಶೋಧನೆ ಮಾಡುವವರಿಗೂ ಮೆದುಳಿನ ಗೆಡ್ಡೆಯ ಚಿತ್ರಕ್ಕೂ ಏನು ಸಂಬಂಧ? ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ. ಆದರೆ ಸ್ವಲ್ಪ ಒಳಗೆ ಹೋಗಿ ನೋಡಿದರೆ, ಈ ಎರಡು ಕೆಲಸಗಳ ಹಿಂದೆ ಇರುವ ಭೌತಶಾಸ್ತ್ರ ಒಂದೇ. ಬದಲಾಗುವುದು ಕೇಳುವ ಪ್ರಶ್ನೆ. ನ್ಯೂಕ್ಲಿಯರ್ ಲ್ಯಾಬಿನಲ್ಲಿ ಗಾಮಾ ಕಿರಣ ಎಲ್ಲಿಂದ ಬಂತು, ಅದರ ಶಕ್ತಿ ಎಷ್ಟು ಅನ್ನುವುದು ಮುಖ್ಯ. ದಾರಿಯಲ್ಲಿ ಸಿಕ್ಕ ಲೋಹ, ಗಾಜು, ಗಾಳಿ ಅದನ್ನು ಎಷ್ಟು ತಡೆದವು ಅನ್ನುವುದು ಬರೀ ಒಂದು ತೊಂದರೆ. ಲೆಕ್ಕದಲ್ಲಿ ಅದನ್ನು ಸರಿಪಡಿಸಿ ಮುಂದೆ ಹೋಗುತ್ತಾರೆ. ಕಾರ್ಮ್ಯಾಕ್ ಆ ತೊಂದರೆಯನ್ನೇ ಹಿಡಿದುಕೊಂಡರು. ಕಿರಣ ಯಾವುದು ಅಂತ ನನಗೆ ಗೊತ್ತು, ದಾರಿಯಲ್ಲಿ ಏನಿದೆ ಅದನ್ನು ಹೇಳು ಎಂದು ಕೇಳಿದರು. ನನ್ನ ಪ್ರಕಾರ ಅವರ ಇಡೀ ಸಾಧನೆಯ ಬೇರು ಇಲ್ಲಿದೆ.

ಆಸ್ಪತ್ರೆಯಲ್ಲಿ ಕಣ್ಣಿಗೆ ಬಿದ್ದದ್ದು

ಕಾರ್ಮ್ಯಾಕ್ ಹುಟ್ಟಿದ್ದು 1924ರಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ. ಮೊದಲು ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ಆಮೇಲೆ ಫಿಸಿಕ್ಸ್ ಕಡೆ ತಿರುಗಿದರು. ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಓಟೊ ಫ್ರಿಷ್ ಅವರ ಕೈಕೆಳಗೆ ಹೀಲಿಯಂ-6 ಎಂಬ ಅಲ್ಪಾಯುಷಿ ಐಸೊಟೋಪ್ ಮೇಲೆ ಕೆಲಸ ಮಾಡಿದರು. ಯುರೇನಿಯಂ ನ್ಯೂಕ್ಲಿಯಸ್ ಹೇಗೆ ಇಬ್ಭಾಗವಾಗುತ್ತದೆ ಎಂದು ಲೀಸಾ ಮೈಟ್ನರ್ ಜೊತೆ ವಿವರಿಸಿದ ಫ್ರಿಷ್ ಇವರೇ. ಡಿರಾಕ್ ಅವರ ಕ್ವಾಂಟಮ್ ಮೆಕ್ಯಾನಿಕ್ಸ್ ಪಾಠಕ್ಕೆ ಹೋಗುತ್ತಿದ್ದಾಗ ಪರಿಚಯವಾದ ಅಮೆರಿಕದ ವಿದ್ಯಾರ್ಥಿನಿಯನ್ನು ಕಾರ್ಮ್ಯಾಕ್ ಮದುವೆಯಾದರು. 1950ರಲ್ಲಿ ಕೇಪ್‌ಟೌನ್‌ಗೆ ವಾಪಸಾಗಿ ಪಾಠ ಮಾಡತೊಡಗಿದರು. ಅಂದರೆ, ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅವರು ಅಪ್ಪಟ ನ್ಯೂಕ್ಲಿಯರ್ ಭೌತವಿಜ್ಞಾನಿ.

ಅಲ್ಲಿ ಅವರ ಕೆಲಸ ಐಸೊಟೋಪ್‌ಗಳ ಮೇಲುಸ್ತುವಾರಿ. ಆದರೆ ಪಕ್ಕದಲ್ಲೇ ಕ್ಯಾನ್ಸರ್ ರೋಗಿಗಳಿಗೆ ರೇಡಿಯೋಥೆರಪಿ ಪ್ಲಾನ್ ಮಾಡುವುದನ್ನು ನೋಡುತ್ತಿದ್ದರು. ಗೆಡ್ಡೆಗೆ ಇಷ್ಟು ಡೋಸ್ ತಲುಪಬೇಕು, ಸುತ್ತಲಿನ ಆರೋಗ್ಯವಂತ ಭಾಗಕ್ಕೆ ಇದಕ್ಕಿಂತ ಹೆಚ್ಚು ಹೋಗಬಾರದು ಅಂತ ಲೆಕ್ಕ. ಆ ಲೆಕ್ಕಕ್ಕೆ ಬಳಸುತ್ತಿದ್ದ ಚಾರ್ಟುಗಳು ದೇಹವನ್ನು ಎಲ್ಲ ಕಡೆ ಒಂದೇ ಸಮನಾದ ವಸ್ತು ಎಂದು ಭಾವಿಸಿ ಮಾಡಿದ್ದವು.

ದೇಹ ಹಾಗಿಲ್ಲ ಅಲ್ವಾ? ಎದೆಯಲ್ಲಿ ಶ್ವಾಸಕೋಶವಿದೆ, ಅದರ ತುಂಬ ಗಾಳಿ. ಅದನ್ನು ಸುತ್ತುವರಿದು ಪಕ್ಕೆಲುಬು, ಗಟ್ಟಿ ಮೂಳೆ. ನಡುವೆ ಸ್ನಾಯು, ಕೊಬ್ಬು, ರಕ್ತ. ಒಂದೊಂದೂ ಕಿರಣವನ್ನು ಒಂದೊಂದು ಪ್ರಮಾಣದಲ್ಲಿ ತಡೆಯುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಗೆಡ್ಡೆಗೆ ಹೋಗುವ ಡೋಸ್ ಸರಿಯಾಗಿರುತ್ತದೆ ಎಂದು ಹೇಗೆ ನಂಬುವುದು? ದೇಹದ ಒಳಗೆ ಪ್ರತಿಯೊಂದು ಜಾಗವೂ ಕಿರಣವನ್ನು ಎಷ್ಟು ತಡೆಯುತ್ತದೆ ಎಂಬ ನಕ್ಷೆ ಬೇಕು. ಆ ನಕ್ಷೆಯನ್ನು ದೇಹದ ಹೊರಗಿನಿಂದಲೇ ಅಳೆದು ತೆಗೆಯಬೇಕು. ಅಂಥ ನಕ್ಷೆ ಸಿಕ್ಕರೆ ಅದು ಸ್ವತಃ ಒಂದು ಒಳ್ಳೆಯ ಚಿತ್ರವೂ ಆಗುತ್ತದೆ, ರೋಗ ಪತ್ತೆಗೆ ನೆರವಾಗುತ್ತದೆ ಎಂದು ಅವರಿಗೆ ಬೇಗ ಹೊಳೆಯಿತು. ಆದರೂ ಕಾರ್ಮ್ಯಾಕ್ ಹೊರಟಿದ್ದು ಡೋಸ್ ಹುಡುಕಿಕೊಂಡು. ಚಿತ್ರ ಅದರ ಜೊತೆಗೆ ಬಂತು.

ಎಷ್ಟು ಸಲ ಅರ್ಧವಾಯಿತು?

ಈಗ ವಿಷಯದ ತಿರುಳಿಗೆ ಬರೋಣ. ಗಾಮಾ ಅಥವಾ ಎಕ್ಸ್-ರೇ ಫೋಟಾನ್‌ಗಳ, ಅಂದರೆ ಬೆಳಕಿನಂಥ ಶಕ್ತಿಯ ಪುಟ್ಟ ಕಣಗಳ, ತೆಳುವಾದ ಒಂದು ಕಿರಣ ಒಂದು ವಸ್ತುವಿನೊಳಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಕೆಲವು ಫೋಟಾನ್‌ಗಳು ಒಳಗೇ ಹೀರಿಹೋಗುತ್ತವೆ, ಕೆಲವು ದಿಕ್ಕು ತಪ್ಪಿ ಚದುರುತ್ತವೆ. ಉಳಿದವು ನೇರವಾಗಿ ಆಚೆ ಬಂದು ಡಿಟೆಕ್ಟರ್‌ಗೆ ಬಡಿಯುತ್ತವೆ.

ಇಲ್ಲೊಂದು ಸರಳ ನಿಯಮವಿದೆ. ಒಂದು ನಿರ್ದಿಷ್ಟ ದಪ್ಪದ ವಸ್ತು ಫೋಟಾನ್‌ಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೆ, ಅಷ್ಟೇ ದಪ್ಪದ ಇನ್ನೊಂದು ಪದರ ಉಳಿದದ್ದರಲ್ಲಿ ಅರ್ಧ ತೆಗೆಯುತ್ತದೆ. ಸಾವಿರ ಐನೂರಾಗುತ್ತದೆ, ಐನೂರು ಇನ್ನೂರೈವತ್ತು, ಅದು ನೂರಿಪ್ಪತ್ತೈದು. ಎಕ್ಸ್-ರೇ ಸ್ಕ್ಯಾನ್‌ಗಳಲ್ಲಿ ಸಾಮಾನ್ಯವಾದ 70 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಫೋಟಾನ್‌ಗಳನ್ನು ಅರ್ಧಕ್ಕಿಳಿಸಲು ಸುಮಾರು 3.6 ಸೆಂಟಿಮೀಟರ್ ನೀರು ಸಾಕು. 20 ಸೆಂಟಿಮೀಟರ್ ನೀರು ದಾಟುವಷ್ಟರಲ್ಲಿ ನೂರಕ್ಕೆ ಎರಡರಷ್ಟು ಮಾತ್ರ ಉಳಿದಿರುತ್ತವೆ. ಕಾರ್ಮ್ಯಾಕ್ ಬಳಸಿದ ಕೋಬಾಲ್ಟ್-60ರ ಗಾಮಾ ಕಿರಣಗಳಿಗೆ ಶಕ್ತಿ ಜಾಸ್ತಿ, ಒಂದು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ಗಿಂತ ಮೇಲೆ. ಅವು ಅರ್ಧವಾಗಲು 11 ಸೆಂಟಿಮೀಟರ್‌ನಷ್ಟು ನೀರು ಬೇಕು.

ಆಚೆ ಬಂದ ಫೋಟಾನ್‌ಗಳನ್ನು ಎಣಿಸಿ, ಒಟ್ಟು ಎಷ್ಟು ಸಲ ಅರ್ಧವಾಗಿದೆ ಎಂದು ಕೇಳಿದರೆ ಒಂದು ಸಂಖ್ಯೆ ಸಿಗುತ್ತದೆ. ಸಾವಿರ ಹೋಗಿ ನೂರಿಪ್ಪತ್ತೈದು ಬಂದರೆ ಮೂರು ಸಲ. ಗಣಿತದಲ್ಲಿ ಇದು ಲಾಗರಿದಮ್. ಇದರ ದೊಡ್ಡ ಅನುಕೂಲವೆಂದರೆ, ಹೀಗೆ ಬರೆದಾಗ ದಾರಿಯಲ್ಲಿ ಸಿಕ್ಕ ಪ್ರತಿಯೊಂದು ತುಣುಕಿನ ಪಾಲನ್ನೂ ಸುಮ್ಮನೆ ಕೂಡಿಸುತ್ತಾ ಹೋಗಬಹುದು. ಮೂಳೆ ಇಷ್ಟು, ಸ್ನಾಯು ಇಷ್ಟು, ಕೊಬ್ಬು ಇಷ್ಟು, ಒಟ್ಟು ಇಷ್ಟು. ಒಂದು ಸಲ ಅಳೆದರೆ ಒಂದು ರೇಖೆಯ ಮೇಲಿನ ಮೊತ್ತ ಕೈಗೆ ಬರುತ್ತದೆ.

ತೊಡಕು ಇರುವುದೂ ಇಲ್ಲೇ. ಮೊತ್ತ ಗೊತ್ತು, ಬಿಡಿ ಸಂಖ್ಯೆಗಳು ಗೊತ್ತಿಲ್ಲ. ಸಾಮಾನ್ಯ ಎಕ್ಸ್-ರೇ ಫಿಲ್ಮಿನಲ್ಲಿ ಕಾಣುವುದು ಬರೀ ಮೊತ್ತ. ಮುಂದಿನ ಮೂಳೆ, ಹಿಂದಿನ ಮೂಳೆ, ನಡುವಿನ ಅಂಗ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ತಲೆಯ ಎಕ್ಸ್-ರೇಯಲ್ಲಂತೂ ಬುರುಡೆ ಎಲ್ಲವನ್ನೂ ಮುಚ್ಚಿಬಿಡುತ್ತದೆ, ಮೆದುಳು ಕಾಣುವುದೇ ಇಲ್ಲ. ಆ ಕಾಲದಲ್ಲಿ ಮೆದುಳಿನ ಆಕಾರ ನೋಡಬೇಕಾದರೆ ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು, ಅಲ್ಲಿಗೆ ಗಾಳಿ ತುಂಬಿ, ಆ ಗಾಳಿ ಮೆದುಳಿನ ಕುಳಿಗಳಿಗೆ ಏರಿದ ಮೇಲೆ ಎಕ್ಸ್-ರೇ ತೆಗೆಯುತ್ತಿದ್ದರು. ರೋಗಿಗೆ ವಿಪರೀತ ತಲೆನೋವು, ವಾಂತಿ. ಹೊರಗಿನಿಂದಲೇ ನೋಡುವ ದಾರಿಗಾಗಿ ವೈದ್ಯರು ಎಷ್ಟು ಹಂಬಲಿಸಿರಬಹುದು ಎಂದು ಇದರಿಂದ ಊಹಿಸಬಹುದು.

ಮೊತ್ತದಿಂದ ಬಿಡಿ ಸಂಖ್ಯೆಗಳನ್ನು ಹೇಗೆ ತೆಗೆಯುವುದು? ಒಂದು ಪುಟ್ಟ ಲೆಕ್ಕ ಮಾಡಿ ನೋಡೋಣ. ಎರಡು ಸಾಲು, ಎರಡು ಕಂಬ, ಒಟ್ಟು ನಾಲ್ಕು ಮನೆ. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ ಅಡಗಿದೆ. ಮೇಲಿನ ಸಾಲಿನ ಮೊತ್ತ 4, ಕೆಳಗಿನ ಸಾಲಿನದು 6. ಎಡಗಡೆಯ ಕಂಬದ ಮೊತ್ತ 3, ಬಲಗಡೆಯದು 7. ಒಳಗೆ ಏನಿದೆ?

ಮೇಲೆ 1 ಮತ್ತು 3, ಕೆಳಗೆ 2 ಮತ್ತು 4 ಇದ್ದರೆ ಎಲ್ಲ ಮೊತ್ತಗಳೂ ಕೂಡುತ್ತವೆ. ಆದರೆ ಮೇಲೆ 0 ಮತ್ತು 4, ಕೆಳಗೆ 3 ಮತ್ತು 3 ಇದ್ದರೂ ಅಷ್ಟೇ ಚೆನ್ನಾಗಿ ಕೂಡುತ್ತವೆ. ಅಡ್ಡ ಮತ್ತು ಉದ್ದದ ನೋಟ ಸಾಲುವುದಿಲ್ಲ. ಈಗ ಮೂಲೆಯಿಂದ ಮೂಲೆಗೆ, ಮೇಲಿನ ಎಡ ಮನೆಯಿಂದ ಕೆಳಗಿನ ಬಲ ಮನೆಗೆ ಇನ್ನೊಂದು ರೇಖೆ ಎಳೆದು ಅಳೆಯಿರಿ. ಮೊತ್ತ 5 ಬಂತು. ಅಷ್ಟೇ, ಎರಡನೆಯ ಉತ್ತರ ಬಿದ್ದುಹೋಯಿತು, ಏಕೆಂದರೆ ಅಲ್ಲಿ ಅದು 3 ಆಗಬೇಕಿತ್ತು. ಮೊದಲನೆಯದೊಂದೇ ಉಳಿಯಿತು. ಹೊಸ ಕೋನದಿಂದ ನೋಡಿದ ಪ್ರತಿಯೊಂದು ಅಳತೆಯೂ ಸುಳ್ಳು ಉತ್ತರಗಳನ್ನು ಹೀಗೆ ಕಳಚುತ್ತಾ ಹೋಗುತ್ತದೆ. ಸಿ.ಟಿ. ಯಂತ್ರ ದೇಹದ ಸುತ್ತ ತಿರುಗುವುದು ಇದಕ್ಕೇ.

ನಾಲ್ಕು ಮನೆಯಾದರೆ ಪೆನ್ಸಿಲ್ ಸಾಕು. ಆಸ್ಪತ್ರೆಗೆ ಬಂದ ಮೊದಲ ಸಿ.ಟಿ. ಯಂತ್ರದ ಚಿತ್ರದಲ್ಲಿ ಒಂದು ಸಾಲಿಗೆ 80ರಂತೆ 80 ಸಾಲು, ಅಂದರೆ 6,400 ಮನೆಗಳಿದ್ದವು. 180 ಕೋನಗಳಲ್ಲಿ, ಕೋನಕ್ಕೆ 160ರಂತೆ 28,800 ಅಳತೆಗಳು ಬೇಕಾಗಿದ್ದವು. ಸಾಲದ್ದಕ್ಕೆ ಪ್ರತಿ ಅಳತೆಯಲ್ಲೂ ಸ್ವಲ್ಪ ತಪ್ಪು ಇದ್ದೇ ಇರುತ್ತದೆ, ಹಾಗಾಗಿ ಎಲ್ಲ ಮೊತ್ತಗಳೂ ಕರಾರುವಾಕ್ಕಾಗಿ ಕೂಡುವ ಉತ್ತರವೇ ಇರುವುದಿಲ್ಲ.

ಕಾರ್ಮ್ಯಾಕ್ ಮನೆಗಳನ್ನು ಎಣಿಸಲು ಹೋಗಲಿಲ್ಲ. ನಯವಾಗಿ ಬದಲಾಗುವ ಒಂದು ನಕ್ಷೆ ಇದೆ, ಅದರ ಮೇಲೆ ಎಳೆಯಬಹುದಾದ ಎಲ್ಲ ರೇಖೆಗಳ ಮೊತ್ತವೂ ಗೊತ್ತು, ನಕ್ಷೆಯನ್ನು ಮರಳಿ ಪಡೆಯುವ ಸೂತ್ರ ಯಾವುದು ಎಂದು ಕೇಳಿದರು. ಇಷ್ಟು ಸಹಜವಾದ ಪ್ರಶ್ನೆಯನ್ನು ಯಾರಾದರೂ ಎಂದೋ ಬಿಡಿಸಿರಬೇಕು ಎಂದುಕೊಂಡು ಪುಸ್ತಕಗಳಲ್ಲಿ ಹುಡುಕಿದರು, ಗಣಿತ ಬಲ್ಲವರನ್ನು ಕೇಳಿದರು. ಏನೂ ಸಿಗಲಿಲ್ಲ. ತಾವೇ ಕೂತು ಬಿಡಿಸಿದರು. ಅವರ ಲೆಕ್ಕದಲ್ಲಿ ಒಂದು ಚೆಂದದ ಸಂಗತಿಯೂ ಹೊರಬಂತು. ವೃತ್ತಾಕಾರದ ವಸ್ತುವಿನಲ್ಲಿ ಕೇಂದ್ರದಿಂದ ಒಂದು ದೂರದಲ್ಲಿ ಏನಿದೆ ಎಂದು ತಿಳಿಯಲು, ಅದಕ್ಕಿಂತ ಒಳಗೆ ಹಾದುಹೋಗುವ ರೇಖೆಗಳು ಬೇಕಾಗಿಯೇ ಇಲ್ಲ. ಹೊರಗಿನ ರೇಖೆಗಳೇ ಸಾಕು. ಕಾಗದದ ಮೇಲೆ ಇದು ಪಕ್ಕಾ ನಿಜ, ಆದರೆ ಅಳತೆಯಲ್ಲಿ ಸಣ್ಣ ತಪ್ಪು ನುಸುಳಿದರೂ ಉತ್ತರ ತುಂಬ ಅಲುಗಾಡುತ್ತದೆ.

ವರ್ಕ್‌ಶಾಪಿನ ಆಣಿ

1956ರ ಎರಡನೆಯ ಭಾಗದಲ್ಲಿ ಕಾರ್ಮ್ಯಾಕ್ ಹಾರ್ವರ್ಡ್‌ನ ಸೈಕ್ಲೋಟ್ರಾನ್ (ಕಣಗಳ ವೇಗ ಹೆಚ್ಚಿಸುವ ಯಂತ್ರ) ಪ್ರಯೋಗಾಲಯಕ್ಕೆ ಹೋದರು. 1957ರಲ್ಲಿ ಕೇಪ್‌ಟೌನ್‌ಗೆ ವಾಪಸು ಬಂದು ಪ್ರಯೋಗಕ್ಕಿಳಿದರು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯಕ್ಕೆ ಪೂರ್ತಿಯಾಗಿ ಹೊರಡುವ ಮೊದಲು ಮಾಡಿದ ಕೆಲಸ ಇದು.

ವಸ್ತು ತೀರಾ ಸರಳ. ನಡುವೆ ಅಲ್ಯೂಮಿನಿಯಂ, ಸುತ್ತ ಮರದ ಬಳೆ. ಒಂದು ಕಡೆ ಕೋಬಾಲ್ಟ್-60, ಇನ್ನೊಂದು ಕಡೆ ವಿಕಿರಣ ಎಣಿಸುವ ಗೈಗರ್ ಕೌಂಟರ್. ವಸ್ತುವನ್ನು ಸ್ವಲ್ಪ ಸರಿಸುವುದು, ಎಣಿಸುವುದು, ಮತ್ತೆ ಸರಿಸುವುದು. ಎಲ್ಲ ದಿಕ್ಕಿನಿಂದ ನೋಡಿದರೂ ಒಂದೇ ತರಹ ಕಾಣುವ ಗುಂಡನೆಯ ವಸ್ತುವಾದ್ದರಿಂದ ಒಂದೇ ಕೋನದಲ್ಲಿ ಅಳೆದರೆ ಸಾಕಾಗಿತ್ತು.

ಸೂತ್ರಕ್ಕೆ ಸಂಖ್ಯೆಗಳನ್ನು ಹಾಕಿದಾಗ ಮರ ಎಷ್ಟು ತಡೆಯುತ್ತದೆ, ಅಲ್ಯೂಮಿನಿಯಂ ಎಷ್ಟು ತಡೆಯುತ್ತದೆ ಎಂಬ ಎರಡೂ ಉತ್ತರಗಳು ಸರಿಯಾಗಿ ಬಂದವು. ಆದರೆ ಕೇಂದ್ರಕ್ಕೆ ಹತ್ತಿರದ ಮೂರು ಬಿಂದುಗಳು ಮಾತ್ರ ಉಳಿದ ಅಲ್ಯೂಮಿನಿಯಂ ಬಿಂದುಗಳ ಗೆರೆಗೆ ಕೂಡದೆ ಸ್ವಲ್ಪ ಓರೆಯಾಗಿ ನಿಂತವು. ವ್ಯತ್ಯಾಸ ಚಿಕ್ಕದು. ಅಳತೆಯ ತಪ್ಪು ಎಂದು ಬಿಟ್ಟುಬಿಡಬಹುದಿತ್ತು. ಕಾರ್ಮ್ಯಾಕ್ ವರ್ಕ್‌ಶಾಪಿನಲ್ಲಿ ವಿಚಾರಿಸಿದರು. ಆ ಅಲ್ಯೂಮಿನಿಯಂ ತುಂಡಿನ ನಟ್ಟನಡುವೆ ಬೇರೆ ಅಲ್ಯೂಮಿನಿಯಂನ ಒಂದು ಆಣಿ ಕೂರಿಸಿರುವುದು ಗೊತ್ತಾಯಿತು. ಅದು ಕಿರಣವನ್ನು ಸುತ್ತಲಿನ ಲೋಹಕ್ಕಿಂತ ಕೊಂಚ ಕಡಿಮೆ ತಡೆಯುತ್ತಿತ್ತು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಪ್ರಯೋಗ ಮಾಡಿದವರಿಗೇ ಗೊತ್ತಿಲ್ಲದ ಒಂದು ವಸ್ತುವನ್ನು, ತುಂಡನ್ನು ಕೊಯ್ಯದೆ ಒಡೆಯದೆ, ಬರೀ ಎಣಿಕೆಯಿಂದ ಹುಡುಕಿದಂತಾಯಿತು. ಒಬ್ಬ ರೋಗಿಯ ತಲೆಯೊಳಗಿನ ಗೆಡ್ಡೆಯನ್ನು ಪತ್ತೆ ಮಾಡುವುದೂ ಇದೇ ಕೆಲಸ ತಾನೆ?

ಮುಂದೆ ಟಫ್ಟ್ಸ್‌ನಲ್ಲಿ, 1963ರ ಹೊತ್ತಿಗೆ, ಎಲ್ಲ ದಿಕ್ಕಿನಿಂದಲೂ ಒಂದೇ ತರಹ ಕಾಣದ ವಸ್ತುವಿನ ಮೇಲೆ ಪ್ರಯೋಗ ಮಾಡಿದರು. ಬುರುಡೆಯ ಹಾಗೆ ಹೊರಗೊಂದು ಅಲ್ಯೂಮಿನಿಯಂ ಬಳೆ, ಮೃದು ಭಾಗದ ಬದಲಿಗೆ ಪ್ಲಾಸ್ಟಿಕ್, ಗೆಡ್ಡೆಗಳ ಬದಲಿಗೆ ಎರಡು ಅಲ್ಯೂಮಿನಿಯಂ ಬಿಲ್ಲೆ. ಈ ಸಲ ಬೇರೆ ಬೇರೆ ಕೋನಗಳಿಂದ ಅಳೆದು, ಕಂಪ್ಯೂಟರ್‌ನಿಂದ ಲೆಕ್ಕ ಹಾಕಿಸಿದರು. ಬಿಲ್ಲೆಗಳು ಇದ್ದ ಜಾಗದಲ್ಲೇ ಕಾಣಿಸಿಕೊಂಡವು. 1963 ಮತ್ತು 1964ರಲ್ಲಿ ಎರಡು ಲೇಖನ ಬರೆದು ಒಂದು ಭೌತಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು.

ಯಾರೂ ತಿರುಗಿ ನೋಡಲಿಲ್ಲ. ಪ್ರತಿ ಕಳಿಸಿ ಎಂದು ಬಂದ ಬೆರಳೆಣಿಕೆಯ ಪತ್ರಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದು. ಬೆಟ್ಟದ ಮೇಲೆ ಬಿದ್ದ ಹಿಮದ ಪದರಗಳನ್ನು ಹೀಗೆ ಅಳೆಯಬಹುದೇ ಎಂಬ ಕುತೂಹಲ ಅವರದು. ಅದಕ್ಕೆ ಡಿಟೆಕ್ಟರನ್ನೋ ಕಿರಣದ ಮೂಲವನ್ನೋ ಹಿಮದ ಕೆಳಗೆ ಬೆಟ್ಟದೊಳಗೆ ಇಡಬೇಕಾಗಿತ್ತು. ವೈದ್ಯಕೀಯ ಲೋಕ ಸುಮ್ಮನೆ ಇದ್ದುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ರೇಡಿಯಾಲಜಿಸ್ಟ್‌ಗಳು ಭೌತಶಾಸ್ತ್ರದ ಪತ್ರಿಕೆ ಓದುವುದಿಲ್ಲ. ಓದಿದ್ದರೂ ಅಂಥ ಲೆಕ್ಕ ಮಾಡುವ ಕಂಪ್ಯೂಟರ್ ಆಗ ಆಸ್ಪತ್ರೆಗಳಲ್ಲಿ ಇರಲಿಲ್ಲ. ಕಾರ್ಮ್ಯಾಕ್ ಕೂಡ ಅದರ ಬೆನ್ನು ಹತ್ತಲಿಲ್ಲ. ಅವರ ಮುಖ್ಯ ಆಸಕ್ತಿ ನ್ಯೂಕ್ಲಿಯರ್ ಮತ್ತು ಕಣ ಭೌತಶಾಸ್ತ್ರದಲ್ಲೇ ಇತ್ತು. ಈ ಲೆಕ್ಕಕ್ಕೆ ಕೈ ಹಾಕುತ್ತಿದ್ದದ್ದು ಬಿಡುವು ಸಿಕ್ಕಾಗ ಮಾತ್ರ.

ಚಿತ್ರ ಕಣ್ಣೆದುರು ಬಂದದ್ದು

ಕಾರ್ಮ್ಯಾಕ್ ಕೆಲಸದ ಸುಳಿವಿಲ್ಲದೆ, ಇಂಗ್ಲೆಂಡಿನ ಇಎಂಐ ಕಂಪನಿಯಲ್ಲಿ ಹೌನ್ಸ್‌ಫೀಲ್ಡ್ 1967ರ ಸುಮಾರಿಗೆ ಇದೇ ವಿಚಾರದ ಮೇಲೆ ಕೂತರು. ಅವರ ಮೊದಲ ಪ್ರಯೋಗದಲ್ಲೂ ಇದ್ದದ್ದು ಅಮೆರಿಸಿಯಂ ಐಸೊಟೋಪಿನ ಗಾಮಾ ಕಿರಣ. ಅದು ತೀರಾ ಕ್ಷೀಣ. ಒಂದು ಚಿತ್ರಕ್ಕೆ ಬೇಕಾದ 28,000 ಅಳತೆಗಳನ್ನು ತೆಗೆಯಲು 9 ದಿನ ಹಿಡಿಯಿತು, ಲೆಕ್ಕಕ್ಕೆ ಕಂಪ್ಯೂಟರ್‌ಗೆ ಎರಡೂವರೆ ಗಂಟೆ. ಐಸೊಟೋಪ್ ತೆಗೆದು ಎಕ್ಸ್-ರೇ ಟ್ಯೂಬ್ ಇಟ್ಟಾಗ 9 ದಿನ 9 ಗಂಟೆಗೆ ಇಳಿಯಿತು.

1971ರ ಅಕ್ಟೋಬರ್ 1ರಂದು ಲಂಡನ್‌ನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ, ರೇಡಿಯಾಲಜಿಸ್ಟ್ ಜೇಮ್ಸ್ ಆ್ಯಂಬ್ರೋಸ್ ಅವರ ಜೊತೆ, ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. ಒಂದು ಪದರಕ್ಕೆ ಆಗ ನಾಲ್ಕೈದು ನಿಮಿಷ. ಬುರುಡೆಯ ಒಳಗಿನ ಗೆಡ್ಡೆ ಚಿತ್ರದಲ್ಲಿ ಕಂಡಿತು. ಗಾಳಿ ತುಂಬುವ ಹಿಂಸೆಯಿಲ್ಲದೆ, ತಲೆ ತೆರೆಯದೆ ಜೀವಂತ ಮೆದುಳು ಕಂಡ ಆ ದಿನದ ಬೆಲೆ ಎಷ್ಟೆಂದು ಹೇಳಲು ನನ್ನಲ್ಲಿ ಮಾತು ಸಾಲದು.

ಇಂದಿಗೂ ಸಿ.ಟಿ. ಚಿತ್ರದ ಪ್ರತಿ ಚುಕ್ಕೆಗೂ ಹೌನ್ಸ್‌ಫೀಲ್ಡ್ ಹೆಸರಿನ ಮಾನದಲ್ಲಿ ಒಂದು ಸಂಖ್ಯೆ ಇರುತ್ತದೆ. ನೀರು 0, ಗಾಳಿ ಮೈನಸ್ 1000, ಕೊಬ್ಬು ಸುಮಾರು ಮೈನಸ್ 100. ಹೊಸದಾಗಿ ಹೆಪ್ಪುಗಟ್ಟಿದ ರಕ್ತ 60ರಿಂದ 80ರ ಆಸುಪಾಸು. ಮೆದುಳಿನ ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ಇರುವ ಅಂತರ ಬರೀ 5ರಿಂದ 10. ಬೇರೆ ಮಾತಿನಲ್ಲಿ ಹೇಳಿದರೆ, ಕಿರಣವನ್ನು ತಡೆಯುವುದರಲ್ಲಿ ಅವೆರಡರ ವ್ಯತ್ಯಾಸ ನೂರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ. ಸಾಮಾನ್ಯ ಫಿಲ್ಮ್ ಇಷ್ಟು ಸಣ್ಣ ವ್ಯತ್ಯಾಸವನ್ನು ಎಂದೂ ತೋರಿಸಲಾರದು.

ಲೆಕ್ಕದ ಕಥೆಗೆ ಇನ್ನೂ ಇಬ್ಬರನ್ನು ಸೇರಿಸಲೇಬೇಕು. ಕಾರ್ಮ್ಯಾಕ್ ಹುಡುಕಿ ಸಿಗದ ಸೂತ್ರವನ್ನು ಆಸ್ಟ್ರಿಯಾದ ಗಣಿತಜ್ಞ ಯೊಹಾನ್ ರಾಡಾನ್ 1917ರಲ್ಲೇ ಬರೆದಿಟ್ಟಿದ್ದರು. ಇದು ಕಾರ್ಮ್ಯಾಕ್ ಅವರಿಗೆ ತಿಳಿದದ್ದು, ತಾವು ಪ್ರಶ್ನೆ ಹಾಕಿಕೊಂಡ 14 ವರ್ಷಗಳ ನಂತರ. ಇನ್ನೊಬ್ಬರು ಜಿ.ಎನ್. ರಾಮಚಂದ್ರನ್. ಪ್ರೋಟೀನ್‌ಗಳ ರಚನೆಯ ಕೆಲಸಕ್ಕೆ ಹೆಸರಾದ ಭೌತವಿಜ್ಞಾನಿ. ಪ್ರತಿ ಅಳತೆಯನ್ನೂ ಅದರ ರೇಖೆಯ ಉದ್ದಕ್ಕೂ ಹರಡಿ, ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿದರೆ ಚಿತ್ರ ಬರುತ್ತದೆ, ಆದರೆ ಮಸುಕಾಗಿ ಬರುತ್ತದೆ. ಒಂದೊಂದು ಚುಕ್ಕೆಯ ಸುತ್ತಲೂ ಪ್ರಭೆಯಂತೆ ಮಬ್ಬು ಹರಡಿಕೊಂಡಿರುತ್ತದೆ. ಹರಡುವ ಮೊದಲೇ ಅಳತೆಗಳನ್ನು ಒಂದು ವಿಶೇಷ ರೀತಿಯಲ್ಲಿ ತಿದ್ದಿದರೆ, ಅಂದರೆ ಪ್ರತಿ ಏರಿಕೆಯ ಎರಡೂ ಪಕ್ಕದಲ್ಲಿ ಸ್ವಲ್ಪ ಕಳೆದರೆ, ಆ ಮಬ್ಬು ತಾನಾಗಿ ಅಳಿಸಿಹೋಗುತ್ತದೆ. 1971ರಲ್ಲಿ ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಇದನ್ನು ಬೇಗ ಮಾಡುವ ದಾರಿ ತೋರಿಸಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಆ ತಿದ್ದುಪಡಿಯನ್ನು ಇವತ್ತಿಗೂ ರಾಮ್-ಲ್ಯಾಕ್ ಫಿಲ್ಟರ್ ಎಂದೇ ಕರೆಯುತ್ತಾರೆ.

ದಾಟಿ ಬಂದವರು ಏನು ತರುತ್ತಾರೆ

ಕಾರ್ಮ್ಯಾಕ್ ಒಬ್ಬರೇ ಹೀಗೆ ದಾಟಿದವರಲ್ಲ. ಡೇವಿಡ್ ಟೌನ್‌ಸೆಂಡ್ 1970ರ ದಶಕದಲ್ಲಿ ಜಿನೀವಾದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿದ್ದರು. ಕಣಗಳ ಜಾಡು ಹಿಡಿಯುವ ಡಿಟೆಕ್ಟರ್‌ಗಳು ಅಲ್ಲಿಯ ಎತ್ತಿದ ಕೈ. 1977ರಲ್ಲಿ ಅವರು ಮತ್ತು ಅಲನ್ ಜೆವನ್ಸ್ ಸೇರಿ ಅಂಥ ಡಿಟೆಕ್ಟರ್ ಬಳಸಿ ಇಲಿಯೊಂದರ ಪೆಟ್ (ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿ) ಚಿತ್ರ ತೆಗೆದರು.

ಪೆಟ್‌ನಲ್ಲಿ ಕಿರಣ ಹೊರಗಿನಿಂದ ಬರುವುದಿಲ್ಲ, ದೇಹದ ಒಳಗಿನಿಂದಲೇ ಬರುತ್ತದೆ. ಪಾಸಿಟ್ರಾನ್ (ಎಲೆಕ್ಟ್ರಾನಿನಂಥದೇ, ಆದರೆ ಧನ ವಿದ್ಯುತ್ತಿನ ಕಣ) ಸೂಸುವ ಐಸೊಟೋಪನ್ನು, ಉದಾಹರಣೆಗೆ 110 ನಿಮಿಷಕ್ಕೆ ಅರ್ಧವಾಗುವ ಫ್ಲೋರಿನ್-18 ಅನ್ನು, ಸಕ್ಕರೆಯಂಥ ಅಣುವಿಗೆ ಜೋಡಿಸಿ ಚುಚ್ಚುತ್ತಾರೆ. ಪಾಸಿಟ್ರಾನ್ ಒಂದು ಎಲೆಕ್ಟ್ರಾನ್ ಜೊತೆ ಸೇರಿ ಎರಡೂ ಅಳಿದಾಗ, 511 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎರಡು ಫೋಟಾನ್‌ಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಎರಡೂ ಒಂದೇ ಕ್ಷಣದಲ್ಲಿ ಎರಡು ಡಿಟೆಕ್ಟರ್‌ಗೆ ಬಡಿದರೆ, ಘಟನೆ ಆ ಎರಡನ್ನು ಸೇರಿಸುವ ರೇಖೆಯ ಮೇಲೆ ಎಲ್ಲೋ ನಡೆದಿದೆ ಎಂದು ತಿಳಿಯುತ್ತದೆ. ಮತ್ತೆ ಅದೇ ರೇಖೆಗಳು, ಅದೇ ಮೊತ್ತಗಳು, ಅದೇ ಗಣಿತ. ಕಾರ್ಮ್ಯಾಕ್ 1963ರ ಲೇಖನದಲ್ಲೇ ಪಾಸಿಟ್ರಾನ್‌ಗಳಿಗೆ ಇದು ಹೊಂದುತ್ತದೆ ಎಂದು ಬರೆದಿದ್ದರು. ಟೌನ್‌ಸೆಂಡ್ ಮುಂದೆ ಜಿನೀವಾದ ಆಸ್ಪತ್ರೆ ಸೇರಿ, ಅಲ್ಲಿಂದ ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋದರು. ಪೆಟ್ ಮತ್ತು ಸಿ.ಟಿ. ಎರಡನ್ನೂ ಒಂದೇ ಯಂತ್ರದಲ್ಲಿ ಜೋಡಿಸಿದ ಮೊದಲ ಮಾದರಿ 1998ರಲ್ಲಿ ಅಲ್ಲಿ ಕೆಲಸ ಶುರುಮಾಡಿತು. ರೋಗ ಎಲ್ಲಿ ಚುರುಕಾಗಿದೆ ಎಂದು ಪೆಟ್ ಹೇಳುತ್ತದೆ, ಅದು ಯಾವ ಅಂಗದ ಯಾವ ಮೂಲೆ ಎಂದು ಸಿ.ಟಿ. ಹೇಳುತ್ತದೆ.

ಇಂಥವರು ಜೊತೆಗೆ ತರುವ ಬಂಡವಾಳದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಎಣಿಕೆಯ ಶಿಸ್ತು ಎಂದು ನನ್ನ ಅನಿಸಿಕೆ. ಫೋಟಾನ್‌ಗಳು ಲೆಕ್ಕ ಹಾಕಿಕೊಂಡು ಬರುವುದಿಲ್ಲ, ಮನಬಂದಂತೆ ಬರುತ್ತವೆ. ಸರಾಸರಿ 10,000 ಬರಬೇಕಾದ ಕಡೆ ಒಮ್ಮೆ 9,900, ಇನ್ನೊಮ್ಮೆ 10,100 ಬಂದರೆ ಅದು ತೀರಾ ಸಹಜ. ಏರುಪೇರು ಸಂಖ್ಯೆಯ ವರ್ಗಮೂಲದಷ್ಟು. ಹತ್ತು ಸಾವಿರಕ್ಕೆ ನೂರು, ಅಂದರೆ ನೂರಕ್ಕೆ ಒಂದು ಪಾಲು. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ 40,000 ಫೋಟಾನ್‌ಗಳು ಬೇಕು. ಎರಡು ಪಟ್ಟು ಸ್ವಚ್ಛವಾದ ಚಿತ್ರಕ್ಕೆ ನಾಲ್ಕು ಪಟ್ಟು ವಿಕಿರಣ. ನ್ಯೂಕ್ಲಿಯರ್ ಲ್ಯಾಬಿನಲ್ಲಿ ಎಣಿಕೆ ಸಾಲದಿದ್ದರೆ ರಾತ್ರಿಯಿಡೀ ಯಂತ್ರ ಓಡಲಿ ಎಂದು ಬಿಡಬಹುದು. ಆಸ್ಪತ್ರೆಯಲ್ಲಿ ಹಾಗೆ ಮಾಡಿದರೆ ಆ ಹೆಚ್ಚಿನ ಫೋಟಾನ್‌ಗಳೆಲ್ಲ ಹೋಗುವುದು ಒಬ್ಬ ಮನುಷ್ಯನ ಮೈಯೊಳಗೆ. ಹೊಸದಾಗಿ ಬಂದ ಭೌತವಿಜ್ಞಾನಿ ಮೊದಲು ಕಲಿಯಬೇಕಾದ ಪಾಠ ಇದು. ಚಿತ್ರ ಅತ್ಯಂತ ಸುಂದರವಾಗಿರಬೇಕಾಗಿಲ್ಲ, ಡಾಕ್ಟರ್ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕುವಷ್ಟಿದ್ದರೆ ಸಾಕು.

ಎರಡನೆಯ ಪಾಠ ಚಲನೆ. ಅಲ್ಯೂಮಿನಿಯಂ ತುಂಡು ಉಸಿರಾಡುವುದಿಲ್ಲ. ರೋಗಿ ಉಸಿರಾಡುತ್ತಾರೆ, ಹೃದಯ ಬಡಿಯುತ್ತದೆ, ಕರುಳು ಹೊರಳುತ್ತದೆ. ಒಂದು ಕೋನದಿಂದ ಅಳೆದಾಗ ಇದ್ದ ಜಾಗದಲ್ಲಿ ಇನ್ನೊಂದು ಕೋನದಿಂದ ಅಳೆಯುವಾಗ ಅಂಗ ಇರುವುದಿಲ್ಲ. ಮೇಲಿನ ನಾಲ್ಕು ಮನೆಯ ಲೆಕ್ಕದಲ್ಲಿ ಅಳತೆಯ ನಡುವೆ ಸಂಖ್ಯೆಗಳು ಮನೆ ಬದಲಾಯಿಸಿದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ಮೊದಲ ಯಂತ್ರಗಳು ತಲೆಯ ಸ್ಕ್ಯಾನ್‌ಗೆ ಮಾತ್ರ ಸೀಮಿತವಾಗಿದ್ದಕ್ಕೆ ಇದೂ ಒಂದು ಕಾರಣ. ತಲೆಯನ್ನು ಅಲುಗಾಡದಂತೆ ಹಿಡಿದಿಡಬಹುದು.

ಕಾರ್ಮ್ಯಾಕ್ 1966ರಲ್ಲಿ ಅಮೆರಿಕದ ಪ್ರಜೆಯಾದರು. ಟಫ್ಟ್ಸ್‌ನಲ್ಲೇ ಪಾಠ ಮಾಡುತ್ತಾ, ಫಿಸಿಕ್ಸ್ ವಿಭಾಗದ ಮುಖ್ಯಸ್ಥರೂ ಆದರು. 1970ರ ದಶಕದ ಶುರುವಿನಲ್ಲಿ ಸಿ.ಟಿ. ಸುದ್ದಿ ಕಿವಿಗೆ ಬಿದ್ದ ಮೇಲೆ ಮತ್ತೆ ಈ ಗಣಿತಕ್ಕೆ ಹೆಚ್ಚು ಸಮಯ ಕೊಟ್ಟರು. 1998ರಲ್ಲಿ ತೀರಿಕೊಂಡರು.

ಅವರ ಇನ್ನೊಂದು ವಿಚಾರದ ಮೇಲೆ ಈಗಲೂ ಕೆಲಸ ನಡೆಯುತ್ತಿದೆ. ಎಕ್ಸ್-ರೇ ಬದಲಿಗೆ ಪ್ರೋಟಾನ್‌ಗಳಿಂದಲೇ ಸ್ಕ್ಯಾನ್ ಮಾಡಬಹುದು ಎಂದು ಅವರು 1963ರಲ್ಲಿ ಸೂಚಿಸಿದ್ದರು. 1976ರಲ್ಲಿ ಹಾರ್ವರ್ಡ್ ಸೈಕ್ಲೋಟ್ರಾನ್‌ನ ಆ್ಯಂಡ್ರಿಯಾಸ್ ಕೋಲರ್ ಜೊತೆ ಅದರ ಪ್ರಯೋಗವನ್ನೂ ಪ್ರಕಟಿಸಿದರು. ಪ್ರೋಟಾನ್ ಎಕ್ಸ್-ರೇ ಹಾಗೆ ದಾರಿಯುದ್ದಕ್ಕೂ ಅರ್ಧರ್ಧವಾಗುತ್ತಾ ಹೋಗುವುದಿಲ್ಲ. ಒಂದು ಆಳಕ್ಕೆ ಹೋಗಿ ನಿಲ್ಲುತ್ತದೆ, ನಿಲ್ಲುವ ಸ್ವಲ್ಪ ಮೊದಲು ಹೆಚ್ಚಿನ ಶಕ್ತಿಯನ್ನು ಸುರಿಯುತ್ತದೆ. ಹಾಗಾಗಿ ಗೆಡ್ಡೆಯ ಆಚೆಗಿನ ಭಾಗವನ್ನು ಕಾಪಾಡಿಕೊಂಡು ಚಿಕಿತ್ಸೆ ಕೊಡಬಹುದು. ಆದರೆ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ತಿಳಿದಿರಬೇಕು. ಈಗ ಅದನ್ನು ಎಕ್ಸ್-ರೇ ಸಿ.ಟಿ. ಸಂಖ್ಯೆಗಳಿಂದ ಅಂದಾಜು ಮಾಡುತ್ತಾರೆ. ಎಕ್ಸ್-ರೇಯನ್ನು ತಡೆಯುವ ರೀತಿ ಬೇರೆ, ಪ್ರೋಟಾನನ್ನು ನಿಲ್ಲಿಸುವ ರೀತಿ ಬೇರೆ. ಒಂದರಿಂದ ಇನ್ನೊಂದನ್ನು ಊಹಿಸುವಾಗ ತಪ್ಪು ನುಸುಳುತ್ತದೆ. ಅದಕ್ಕಾಗಿ ಚಿಕಿತ್ಸೆ ಪ್ಲಾನ್ ಮಾಡುವವರು ಆಳದಲ್ಲಿ ನೂರಕ್ಕೆ ಸುಮಾರು ಮೂರೂವರೆಯಷ್ಟು ಹೆಚ್ಚುವರಿ ಅಂಚು ಬಿಟ್ಟುಕೊಳ್ಳುವುದು ವಾಡಿಕೆ. 20 ಸೆಂಟಿಮೀಟರ್ ಆಳದ ಗೆಡ್ಡೆಗೆ ಅದು 7 ಮಿಲಿಮೀಟರ್ ಆಗುತ್ತದೆ. ಗೆಡ್ಡೆಯ ಹಿಂದೆಯೇ ಬೆನ್ನುಹುರಿ ಇದ್ದರೆ 7 ಮಿಲಿಮೀಟರ್ ತುಂಬ ದೊಡ್ಡದು. ಪ್ರೋಟಾನ್‌ನಿಂದಲೇ ನೇರವಾಗಿ ನಕ್ಷೆ ತೆಗೆದರೆ ಈ ಅಂಚನ್ನು ಕಿರಿದು ಮಾಡಬಹುದು. ಕಣ ಭೌತಶಾಸ್ತ್ರದ ಲ್ಯಾಬುಗಳಲ್ಲಿ ಬೆಳೆದ ಸಿಲಿಕಾನ್ ಡಿಟೆಕ್ಟರ್‌ಗಳನ್ನು ಹಿಡಿದು, ಪ್ರತಿಯೊಂದು ಪ್ರೋಟಾನ್‌ನ ಜಾಡನ್ನೂ ಬೇರೆ ಬೇರೆಯಾಗಿ ದಾಖಲಿಸುವ ಪ್ರೋಟಾನ್ ಸಿ.ಟಿ. ಮಾದರಿಗಳನ್ನು ಭೌತವಿಜ್ಞಾನಿಗಳು ಕಟ್ಟಿ ಪರೀಕ್ಷಿಸುತ್ತಿದ್ದಾರೆ.